ಬ್ಲ್ಯಾಕ್ ಬೆಲ್ಟ್‌ಗೆ ಎಷ್ಟು ವರ್ಷ? ಕ್ಲಾಸ್ ಸೇರುವ ಮುಂಚೆ ಹಾಕಬೇಕಾದ ಲೆಕ್ಕ

"ಬ್ಲ್ಯಾಕ್ ಬೆಲ್ಟ್‌ಗೆ ಎಷ್ಟು ವರ್ಷ ಬೇಕು?" ಕರಾಟೆ, ಜೂಡೋದಂಥ ಕಲೆ ಕಲಿಯಲು ಮೊದಲ ಸಲ ಕ್ಲಾಸ್ ನೋಡಲು ಬಂದವರು ಇದನ್ನು ಕೇಳಿಯೇ ಕೇಳುತ್ತಾರೆ. ಕೆಲವು ಮಾಸ್ಟರ್‌ಗಳಿಗೆ ಈ ಪ್ರಶ್ನೆ ಹಿಡಿಸುವುದಿಲ್ಲ. "ಬೆಲ್ಟ್ ಯೋಚನೆ ಬಿಡು, ಮೊದಲು ಕಲಿ" ಎಂದುಬಿಡುತ್ತಾರೆ. ನನಗೆ ಇದು ನ್ಯಾಯವಾದ ಪ್ರಶ್ನೆ ಅನ್ನಿಸುತ್ತದೆ. ವಾರಕ್ಕೆ ಎರಡು ಮೂರು ಸಂಜೆ ಕೊಡಬೇಕು, ಫೀಸ್ ಕಟ್ಟಬೇಕು, ಮೈಕೈ ನೋಯಿಸಿಕೊಳ್ಳಬೇಕು. ಎಷ್ಟು ದೂರದ ದಾರಿ ಎಂದು ಕೇಳಿಕೊಂಡೇ ಹೊರಡಬೇಕು, ಅಲ್ವಾ?

ತೊಡಕು ಇರುವುದು ಉತ್ತರದಲ್ಲಿ. ಒದೆತವೇ ಮುಖ್ಯವಾದ ಕೊರಿಯಾದ ಕಲೆ ಟೇಕ್ವಾಂಡೋ ಕಲಿತವರು ಮೂರು ವರ್ಷ ಅನ್ನಬಹುದು. ನೆಲದ ಮೇಲೆ ಹಿಡಿದು ಸೆಣಸುವ ಬ್ರೆಜಿಲಿಯನ್ ಜಿಯು-ಜಿತ್ಸು ಕಲಿತವರು ಹತ್ತು ವರ್ಷ ಅನ್ನಬಹುದು. ಇಬ್ಬರ ಸೊಂಟದಲ್ಲೂ ಇರುವುದು ಕಪ್ಪು ಬೆಲ್ಟೇ. ಆದರೆ ಆ ಬೆಲ್ಟ್ ಒಂದೊಂದು ಕಡೆ ಒಂದೊಂದು ಮಾತು ಹೇಳುತ್ತದೆ.

ನಾನು ಕರಾಟೆಯಲ್ಲಿ ಮೊದಲ ಡಾನ್, ಅಂದರೆ ಬ್ಲ್ಯಾಕ್ ಬೆಲ್ಟ್‌ನ ಮೊದಲ ದರ್ಜೆ, ಪಡೆದು, ಆಮೇಲೆ ಜೂಡೋಗೆ ಹೋಗಿ ಮತ್ತೆ ಬಿಳಿ ಬೆಲ್ಟ್ ಕಟ್ಟಿದವನು. ಇಲ್ಲಿ ವರ್ಷಗಳ ಲೆಕ್ಕ ಕೊಡುತ್ತೇನೆ. ಆ ವರ್ಷಗಳು ಹೇಗೆ ಕಳೆಯುತ್ತವೆ ಎಂಬುದನ್ನೂ ಹೇಳುತ್ತೇನೆ. ಆರಿಸುವಾಗ ನಿಮಗೆ ಹೆಚ್ಚು ಬೇಕಾಗುವುದು ಈ ಎರಡನೆಯದೇ.

ಈ ಮೆಟ್ಟಿಲುಗಳು ಬಂದಿದ್ದು ಎಲ್ಲಿಂದ

ಜೂಡೋ ಕಟ್ಟಿದ ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಶಾಲೆ ತೆರೆದರು. ಮರುವರ್ಷ ತಮ್ಮ ಇಬ್ಬರು ಶಿಷ್ಯರಿಗೆ ಮೊದಲ ಬಾರಿಗೆ ಡಾನ್ ದರ್ಜೆ ಕೊಟ್ಟರು. ಡಾನ್ ಎಂಬ ಮೆಟ್ಟಿಲು ಅದಕ್ಕೂ ಮುಂಚೆ ಜಪಾನಿನಲ್ಲಿ 'ಗೋ' ಎಂಬ ಮಣೆ ಆಟ ಆಡುವವರಿಗೆ ಇತ್ತು. ಅದನ್ನು ಕುಸ್ತಿಯ ಅಂಗಳಕ್ಕೆ ತಂದವರು ಕಾನೊ. ಕರಾಟೆಯ ಗಿಚಿನ್ ಫುನಾಕೊಶಿ ಅದನ್ನೇ ನೋಡಿ 1924ರಲ್ಲಿ ತಮ್ಮ ಶಿಷ್ಯರಿಗೆ ಡಾನ್ ಕೊಟ್ಟರು. ಹಳದಿ, ಹಸಿರು, ನೀಲಿ ಅಂತ ಬಣ್ಣ ಬಣ್ಣದ ಬೆಲ್ಟ್‌ಗಳು ಬೆಳೆದಿದ್ದು ಯುರೋಪಿನಲ್ಲಿ. 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೂಡೋ ಕಲಿಸುತ್ತಿದ್ದ ಮಿಕಿನೊಸುಕೆ ಕವೈಶಿ ಅವುಗಳಿಗೆ ಗಟ್ಟಿ ನೆಲೆ ಕೊಟ್ಟರು. ಕಪ್ಪು ಬೆಲ್ಟ್‌ವರೆಗಿನ ದಾರಿ ಉದ್ದ. ಕಲಿಯುವವರು ನಡುವೆ ಸೋತು ಹೋಗದ ಹಾಗೆ ಅಲ್ಲಲ್ಲಿ ಮೈಲಿಗಲ್ಲು ನೆಟ್ಟಂತೆ ಅದು.

ಬಿಳಿ ಬೆಲ್ಟನ್ನೇ ತೊಳೆಯದೆ ಕಟ್ಟಿ ಕಟ್ಟಿ, ಬೆವರು ಮಣ್ಣು ಹತ್ತಿ ಕಪ್ಪಾಯಿತು ಎಂಬ ಕಥೆಯನ್ನು ನೀವೂ ಕೇಳಿರಬಹುದು. ಕಥೆ ಚೆನ್ನಾಗಿದೆ, ನಿಜವಲ್ಲ. ಬೆಲ್ಟ್ ತೊಳೆಯಿರಿ.

ಎಣಿಕೆ ಹೀಗಿದೆ. ಕಪ್ಪು ಬೆಲ್ಟ್‌ಗಿಂತ ಕೆಳಗಿನ ದರ್ಜೆಗಳಿಗೆ ಜಪಾನಿ ಕಲೆಗಳಲ್ಲಿ 'ಕ್ಯೂ' ಅನ್ನುತ್ತಾರೆ. ಅವು ಇಳಿಯುತ್ತಾ ಹೋಗುತ್ತವೆ: ಹತ್ತು, ಒಂಬತ್ತು, ಎಂಟು, ಕೊನೆಗೆ ಒಂದು. ಅಲ್ಲಿಂದ ಮೇಲೆ ಡಾನ್ ಶುರು, ಅದು ಏರುತ್ತಾ ಹೋಗುತ್ತದೆ. ಮೊದಲ ಡಾನ್‌ಗೆ ಹೆಸರು 'ಶೋದಾನ್'. 'ಶೋ' ಅಂದರೆ ಆರಂಭ. ಅಂದರೆ ನಾವು ಕೊನೆ ಅಂದುಕೊಂಡ ಬೆಲ್ಟ್‌ಗೆ ಅವರು ಇಟ್ಟ ಹೆಸರೇ ಶುರು. ಅಕ್ಷರ ಕಲಿತಾಯಿತು, ಇನ್ನು ಓದಬಹುದು ಅನ್ನುವ ಹಂತ.

ವರ್ಷ ಬಿಡಿ, ಕ್ಲಾಸ್ ಎಣಿಸಿ

ಹೋಲಿಸುವ ಮುಂಚೆ ಅಳತೆಗೋಲು ಸರಿ ಮಾಡಿಕೊಳ್ಳಬೇಕು. ಇದಕ್ಕೆ ಐಕಿಡೋ ಒಳ್ಳೆಯ ಉದಾಹರಣೆ. ಎದುರಾಳಿಯ ಬಲವನ್ನೇ ತಿರುಗಿಸಿ ಬೀಳಿಸುವ ಜಪಾನಿ ಕಲೆ ಅದು. ಅದರ ಮುಖ್ಯ ಸಂಸ್ಥೆ ಐಕಿಕಾಯ್ ದರ್ಜೆಗೆ ತಿಂಗಳು ಎಣಿಸುವುದಿಲ್ಲ, ಅಭ್ಯಾಸಕ್ಕೆ ಬಂದ ದಿನಗಳನ್ನು ಎಣಿಸುತ್ತದೆ. ಐದನೇ ಕ್ಯೂಗೆ 30 ದಿನ. ಅಲ್ಲಿಂದ ನಾಲ್ಕನೆಯದಕ್ಕೆ 40, ಮೂರನೆಯದಕ್ಕೆ 50, ಎರಡನೆಯದಕ್ಕೆ 50, ಒಂದನೆಯದಕ್ಕೆ 60. ಶೋದಾನ್‌ಗೆ ಇನ್ನೂ 70. ಎಲ್ಲ ಕೂಡಿಸಿದರೆ 300 ದಿನ.

ಈ 300ನ್ನು ನಿಮ್ಮ ವಾರಕ್ಕೆ ಹಾಕಿ ನೋಡಿ. ವಾರಕ್ಕೆ ಎರಡು ಕ್ಲಾಸ್, ರಜೆ, ಜ್ವರ, ಮದುವೆ ಮುಂಜಿ ಕಳೆದರೆ ವರ್ಷಕ್ಕೆ ಸುಮಾರು 90. ಅಂದರೆ ಮೂರು ವರ್ಷ ದಾಟುತ್ತದೆ. ವಾರಕ್ಕೆ ಐದು ದಿನ ಬರುವವರಿಗೆ ಒಂದೂವರೆ ವರ್ಷದೊಳಗೆ ಮುಗಿಯುತ್ತದೆ. ಕಲೆ ಒಂದೇ, ಪರೀಕ್ಷೆ ಒಂದೇ, ಕಲಿತದ್ದೂ ಹೆಚ್ಚು ಕಡಿಮೆ ಅಷ್ಟೇ. ಆದರೂ ಒಬ್ಬರು "ಒಂದೂವರೆ ವರ್ಷ" ಅನ್ನುತ್ತಾರೆ, ಇನ್ನೊಬ್ಬರು "ಮೂರೂವರೆ ವರ್ಷ" ಅನ್ನುತ್ತಾರೆ. ಇದು ಕನಿಷ್ಠ ಲೆಕ್ಕ ಅನ್ನುವುದೂ ನೆನಪಿರಲಿ. ಹೆಚ್ಚಿನ ಕ್ಲಾಸ್‌ಗಳಲ್ಲಿ ಇದಕ್ಕಿಂತ ಜಾಸ್ತಿಯೇ ಆಗುತ್ತದೆ.

ಹಾಗಾಗಿ ಯಾರಾದರೂ ವರ್ಷ ಹೇಳಿದರೆ ಕೂಡಲೇ ಕೇಳಿ: ವಾರಕ್ಕೆ ಎಷ್ಟು ಕ್ಲಾಸ್? ಕೆಳಗೆ ನಾನು ಕೊಡುವ ವರ್ಷಗಳೆಲ್ಲ ವಾರಕ್ಕೆ ಎರಡರಿಂದ ಮೂರು ಕ್ಲಾಸ್‌ಗೆ ತಪ್ಪದೆ ಬರುವ ದೊಡ್ಡವರ ಲೆಕ್ಕ.

ಟೇಕ್ವಾಂಡೋ: ಮೊದಲು ಬೇಗ, ಆಮೇಲೆ ನಿಧಾನ

ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷ. ಕೆಳಗಿನ ದರ್ಜೆಗಳು ಹತ್ತು. ಹೆಚ್ಚಿನ ಕ್ಲಾಸ್‌ಗಳಲ್ಲಿ ಮೂರು ನಾಲ್ಕು ತಿಂಗಳಿಗೊಮ್ಮೆ ಗ್ರೇಡಿಂಗ್, ಅಂದರೆ ಮುಂದಿನ ದರ್ಜೆಯ ಪರೀಕ್ಷೆ, ಇರುತ್ತದೆ. ಪ್ರತಿ ಹಂತಕ್ಕೂ ಕಲಿಯಬೇಕಾದ 'ಪೂಮ್ಸೆ', ಅಂದರೆ ಚಲನೆಗಳ ಜೋಡಣೆ, ಗೊತ್ತು ಮಾಡಿರುತ್ತಾರೆ. ತೇಗುಕ್ ಸಾಲಿನಲ್ಲಿ ಅವು ಎಂಟು. ಮುಂದೇನು ಎಂಬುದು ಯಾವಾಗಲೂ ಸ್ಪಷ್ಟ. ದಾರಿ ಕಾಣಿಸುತ್ತಿದ್ದರೆ ಹುಮ್ಮಸ್ಸು ಬರುವ ಸ್ವಭಾವ ನಿಮ್ಮದಾದರೆ ಇದು ತುಂಬ ಹಿತವಾಗಿರುತ್ತದೆ. ಕೊರಿಯಾದಲ್ಲಿ ದಿನಾ ಅಭ್ಯಾಸ ಮಾಡುವವರು ಒಂದು ವರ್ಷದ ಆಸುಪಾಸಿನಲ್ಲೇ ಮೊದಲ ಕಪ್ಪು ಬೆಲ್ಟ್ ಪಡೆಯುವುದು ಅಲ್ಲಿ ಮಾಮೂಲು.

ಆದರೆ ಅಲ್ಲಿಂದ ಮುಂದಿನ ಲೆಕ್ಕ ನೋಡಿ. ಸೋಲ್ ನಗರದ ಕುಕ್ಕಿವೊನ್ ಈ ಡಾನ್‌ಗಳನ್ನು ಕೊಡುವ ಸಂಸ್ಥೆ. ಅದರ ನಿಯಮದಂತೆ ಒಂದನೇ ಡಾನ್‌ನಿಂದ ಎರಡಕ್ಕೆ ಒಂದು ವರ್ಷ, ಎರಡರಿಂದ ಮೂರಕ್ಕೆ ಎರಡು ವರ್ಷ, ಮೂರರಿಂದ ನಾಲ್ಕಕ್ಕೆ ಮೂರು ವರ್ಷ ಕಾಯಬೇಕು. ಹೀಗೇ ಬೆಳೆಯುತ್ತಾ ಎಂಟರಿಂದ ಒಂಬತ್ತಕ್ಕೆ ಒಂಬತ್ತು ವರ್ಷ ಆಗುತ್ತದೆ. ಮೊದಲ ಡಾನ್‌ನಿಂದ ಒಂಬತ್ತನೆಯದಕ್ಕೆ ಕನಿಷ್ಠ 38 ವರ್ಷ. ಮೂರು ವರ್ಷಕ್ಕೆ ಸಿಗುವ ಕಪ್ಪು ಬೆಲ್ಟ್ ಹಗುರ ಎಂದು ಮೂಗು ಮುರಿಯುವವರು ಈ ಉಳಿದ ದಾರಿಯನ್ನು ನೋಡಿರುವುದಿಲ್ಲ.

ಕರಾಟೆ: ಶೈಲಿ ನೋಡಿ ಲೆಕ್ಕ ಹಾಕಿ

ನಾಲ್ಕರಿಂದ ಐದು ವರ್ಷ ಅನ್ನಬಹುದು. ಆದರೆ 'ಕರಾಟೆ' ಅನ್ನುವ ಒಂದೇ ಹೆಸರಿನ ಕೆಳಗೆ ಹಲವು ಮನೆಗಳಿವೆ. ಶೋಟೊಕಾನ್, ಗೋಜು-ರ್ಯು, ಶಿಟೊ-ರ್ಯು, ವಾಡೊ-ರ್ಯು, ಕ್ಯೋಕುಶಿನ್. ಎಲ್ಲ ಕಡೆ ಪರೀಕ್ಷೆಗೆ ಮೂರು ಕಾಲು: ಕಿಹೋನ್ ಅಂದರೆ ಮೂಲ ಹೊಡೆತ ತಡೆಗಳು, ಕಟಾ ಅಂದರೆ ಗೊತ್ತು ಮಾಡಿದ ಚಲನೆಗಳ ಜೋಡಣೆ, ಮತ್ತು ಕುಮಿಟೆ ಅಂದರೆ ಎದುರಾಳಿಯ ಜೊತೆ ಆಟ. ಯಾವ ಕಾಲಿನ ಮೇಲೆ ಎಷ್ಟು ಭಾರ ಅನ್ನುವುದು ಮಾತ್ರ ಬೇರೆ ಬೇರೆ. ಶೋಟೊಕಾನ್‌ನಲ್ಲಿ ಐದು ಹೇಯಾನ್ ಕಟಾಗಳನ್ನು ಒಂದೊಂದಾಗಿ ದಾಟುತ್ತಾ ಹೋಗುತ್ತೀರಿ. ನಿಲುವು, ಸೊಂಟದ ತಿರುವು, ಹೊಡೆತ ನಿಲ್ಲುವ ಜಾಗ, ಎಲ್ಲವನ್ನೂ ಕಣ್ಣಿಟ್ಟು ನೋಡುತ್ತಾರೆ. ಕ್ಯೋಕುಶಿನ್‌ನಲ್ಲಿ ಕಟಾ ಇದೆ, ಆದರೆ ಮೈಗೆ ನಿಜವಾದ ಹೊಡೆತ ತಿನ್ನುತ್ತಾ ಒಬ್ಬರಾದ ಮೇಲೆ ಒಬ್ಬರ ಜೊತೆ ಕಾದಾಡುವುದೂ ಗ್ರೇಡಿಂಗ್‌ನ ಭಾಗ. ಅಲ್ಲಿ ಐದಾರು ವರ್ಷ ಹಿಡಿಯುವುದು ಸಹಜ.

ಕರಾಟೆಯಲ್ಲಿ ಜನ ನಿಲ್ಲುವ ಜಾಗ ಕಂದು ಬೆಲ್ಟ್. ಅಲ್ಲಿಯವರೆಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಬಣ್ಣ ಬದಲಾಗುತ್ತಿರುತ್ತದೆ. ಹೆಚ್ಚಿನ ಶೈಲಿಗಳಲ್ಲಿ ಮೂರನೇ, ಎರಡನೇ, ಒಂದನೇ ಕ್ಯೂ ಮೂರಕ್ಕೂ ಕಂದು ಬಣ್ಣವೇ. ವರ್ಷವಿಡೀ ದುಡಿದರೂ ಕನ್ನಡಿಯಲ್ಲಿ ಕಾಣುವುದು ಅದೇ ಬೆಲ್ಟ್. ನನ್ನ ಜೊತೆ ಶುರು ಮಾಡಿದ ಗೆಳೆಯರಲ್ಲಿ ಹೆಚ್ಚಿನವರು ಬಿಟ್ಟಿದ್ದು ಇಲ್ಲೇ. ಕಷ್ಟ ಅನ್ನಿಸಿ ಬಿಟ್ಟವರು ಕಡಿಮೆ. ಏನೂ ಮುಂದಕ್ಕೆ ಹೋಗುತ್ತಿಲ್ಲ ಅನ್ನಿಸಿ ಬಿಟ್ಟವರೇ ಜಾಸ್ತಿ. ಕಲಿಕೆ ಒಳಗಿಳಿಯುವುದು ಆ ಒಂದೆರಡು ವರ್ಷದಲ್ಲೇ ಎಂದು ಆಗ ನಮಗೆ ಯಾರೂ ಹೇಳಿರಲಿಲ್ಲ.

ಜೂಡೋ: ಕಾಲ ಸಾಲದು, ಎದುರಾಳಿ ಬೇಕು

ಜಪಾನಿನ ಹೊರಗೆ ನಾಲ್ಕರಿಂದ ಆರು ವರ್ಷ. ಜಪಾನಿನಲ್ಲಿ ಶಾಲೆಯ ತಂಡದಲ್ಲಿ ದಿನಾ ಅಭ್ಯಾಸ ಮಾಡುವ ಹುಡುಗರು ಒಂದೆರಡು ವರ್ಷಕ್ಕೇ ಶೋದಾನ್ ಆಗುತ್ತಾರೆ. ಮತ್ತೆ ಅದೇ ಮಾತು, ಕ್ಲಾಸ್ ಎಣಿಸಿ.

ಜೂಡೋದ ಮೊದಲ ತಿಂಗಳುಗಳು ಬೀಳುವುದನ್ನು ಕಲಿಯುವುದರಲ್ಲೇ ಹೋಗುತ್ತವೆ. ಅದಕ್ಕೆ 'ಉಕೆಮಿ' ಎಂದು ಹೆಸರು. ಕರಾಟೆಯ ಬ್ಲ್ಯಾಕ್ ಬೆಲ್ಟ್ ಇದ್ದರೂ ನಾನೂ ಮೂಲೆಯಲ್ಲಿ ಮಕ್ಕಳ ಜೊತೆ ಬಿದ್ದು ಎದ್ದು ಕಲಿತೆ. ಅದರಲ್ಲಿ ನನಗೆ ಬೇಸರ ಆಗಲಿಲ್ಲ. ವಯಸ್ಸಾದ ಮೇಲೂ ಮೈಯಲ್ಲಿ ಉಳಿಯುವ ವಿದ್ಯೆ ಇದೊಂದೇ ಎಂದು ಈಗಲೂ ನಂಬುತ್ತೇನೆ.

ಆಮೇಲೆ 'ರಂದೋರಿ'. ಹಿಡಿದು, ಎಳೆದು, ಎತ್ತಿ ಹಾಕುವ ಆಟ. ಎದುರಿನವರು ಬೀಳಲು ಒಪ್ಪಿರುವುದಿಲ್ಲ. ಇದೇ ಜೂಡೋದ ಪರೀಕ್ಷೆ. ಬ್ರಿಟನ್, ಫ್ರಾನ್ಸ್‌ನಂಥ ದೇಶಗಳಲ್ಲಿ ಸ್ಪರ್ಧೆಯ ದಾರಿಯಿಂದ ಡಾನ್ ಪಡೆಯಬೇಕಾದರೆ ಗೆಲುವುಗಳಿಂದ 100 ಅಂಕ ಕೂಡಿಸಬೇಕು. ಪೂರ್ತಿ ಗೆಲುವಿಗೆ, ಅಂದರೆ 'ಇಪ್ಪೊನ್'ಗೆ, 10 ಅಂಕ. ನಿಮ್ಮ ತೂಕದವರು, ನಿಮ್ಮ ದರ್ಜೆಯವರು ಎದುರಿಗೆ ಸಿಗಬೇಕು, ಅವರನ್ನು ನೀವು ಎತ್ತಿ ಹಾಕಬೇಕು. ಕೆಲವರಿಗೆ ಆರು ತಿಂಗಳಲ್ಲಿ ಆಗುತ್ತದೆ. ಕೆಲವರಿಗೆ ಹಲವು ವರ್ಷ ಹಿಡಿಯುತ್ತದೆ. ಕೊಡೊಕಾನ್‌ನಲ್ಲಿ ಹಳೆಯ ಪದ್ಧತಿಯೊಂದಿದೆ: ಸಾಲಾಗಿ ಒಬ್ಬರ ಮೇಲೊಬ್ಬರನ್ನು ಸೋಲಿಸಿದವರಿಗೆ ಅಲ್ಲೇ ಆಗಲೇ ಬಡ್ತಿ. ಕಾಯುವ ಮಾತೇ ಇಲ್ಲ.

ಕಾಯುವುದು ಅಂದಾಗ ಕೆಯ್ಕೊ ಫುಕುದಾ ಅವರ ಹೆಸರು ಹೇಳದೆ ಮುಂದೆ ಹೋಗಲಾರೆ. ಕಾನೊ ಅವರ ಬಳಿಯೇ ಕಲಿತವರು. 1953ರಲ್ಲಿ ಐದನೇ ಡಾನ್ ಸಿಕ್ಕಿತು. ಆಮೇಲೆ ಸುಮಾರು ಎರಡು ದಶಕ ಅಲ್ಲೇ ನಿಂತರು. ಹೆಂಗಸರಿಗೆ ಅದಕ್ಕಿಂತ ಮೇಲಿನ ದರ್ಜೆಯೇ ಇರಲಿಲ್ಲ. 1972ರಲ್ಲಿ ಆ ಬಾಗಿಲು ತೆರೆದು ಆರನೇ ಡಾನ್ ಬಂತು. ಕೊಡೊಕಾನ್ ಅವರಿಗೆ ಒಂಬತ್ತನೇ ಡಾನ್ ಕೊಟ್ಟಿದ್ದು 2006ರಲ್ಲಿ. 2011ರಲ್ಲಿ ಅಮೆರಿಕದ ಜೂಡೋ ಸಂಸ್ಥೆ ಹತ್ತನೇ ಡಾನ್ ಕೊಟ್ಟಾಗ ಅವರಿಗೆ 98 ವರ್ಷ. ಆ ಇಪ್ಪತ್ತು ವರ್ಷ ಬೆಲ್ಟ್ ಬದಲಾಗಲಿಲ್ಲ. ಅವರು ಕಲಿಸುವುದನ್ನು ನಿಲ್ಲಿಸಲಿಲ್ಲ.

ಬ್ರೆಜಿಲಿಯನ್ ಜಿಯು-ಜಿತ್ಸು: ಐದೇ ಬೆಲ್ಟ್, ಹತ್ತು ವರ್ಷ

ದೊಡ್ಡವರಿಗೆ ಬಿಳಿ, ನೀಲಿ, ನೇರಳೆ, ಕಂದು, ಕಪ್ಪು. ಇಷ್ಟೇ. ಆದರೆ ಬಿಳಿಯಿಂದ ಕಪ್ಪಿಗೆ ಎಂಟರಿಂದ ಹನ್ನೆರಡು ವರ್ಷ. ನೀಲಿಗೇ ಒಂದೂವರೆ ಎರಡು ವರ್ಷ ಆಗುತ್ತದೆ. ಟೇಕ್ವಾಂಡೋದಲ್ಲಿ ಅಷ್ಟರಲ್ಲಿ ಆರು ಬೆಲ್ಟ್ ಬದಲಾಗಿರುತ್ತದೆ.

ಐಬಿಜೆಜೆಎಫ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಕನಿಷ್ಠ ಕಾಲ ಗೊತ್ತು ಮಾಡಿದೆ. ನೀಲಿಯಲ್ಲಿ ಎರಡು ವರ್ಷ, ನೇರಳೆಯಲ್ಲಿ ಒಂದೂವರೆ ವರ್ಷ, ಕಂದಿನಲ್ಲಿ ಒಂದು ವರ್ಷ. ಕೂಡಿಸಿದರೆ ನಾಲ್ಕೂವರೆ ವರ್ಷವೇ. ಹಾಗಾದರೆ ಹತ್ತು ವರ್ಷ ಯಾಕೆ? ಇಲ್ಲಿ ಹೆಚ್ಚಿನ ಕ್ಲಾಸ್‌ಗಳಲ್ಲಿ ಪರೀಕ್ಷೆಯ ದಿನವೇ ಇಲ್ಲ. ಪ್ರತಿ ಕ್ಲಾಸ್‌ನಲ್ಲೂ ಪೂರ್ತಿ ಬಲ ಹಾಕಿ ನೆಲದ ಮೇಲೆ ಸೆಣಸುತ್ತೀರಿ. ನಿಮ್ಮ ಬೆಲ್ಟ್‌ನವರು ನಿಮ್ಮ ಕೈಯಿಂದ ಬಿಡಿಸಿಕೊಳ್ಳಲಾರದೆ ಕೈ ತಟ್ಟಿ ಸೋಲು ಒಪ್ಪುವುದು ದಿನದಿನದ ಮಾತಾದಾಗ, ಮೇಲಿನ ಬೆಲ್ಟ್‌ನವರ ಎದುರು ನೀವು ತಡೆದು ನಿಲ್ಲತೊಡಗಿದಾಗ, ಮಾಸ್ಟರ್ ಒಂದು ದಿನ ಕರೆದು ಬೆಲ್ಟ್ ಕಟ್ಟುತ್ತಾರೆ. ಯಾವತ್ತು ಅನ್ನುವುದು ನಿಮಗೆ ಗೊತ್ತಿರುವುದಿಲ್ಲ. ನಡುವೆ ಬೆಲ್ಟ್‌ನ ತುದಿಗೆ ನಾಲ್ಕು ಸಣ್ಣ ಪಟ್ಟಿ ಬೀಳುತ್ತವೆ, ಅಷ್ಟೇ ಸಮಾಧಾನ.

ಬೇಗ ಮುಗಿಸಿದವರೂ ಇದ್ದಾರೆ. ಅಮೆರಿಕದ ಸ್ಪರ್ಧಿ ಬಿ. ಜೆ. ಪೆನ್ ಮೂರು ವರ್ಷ ಚಿಲ್ಲರೆಯಲ್ಲಿ ಕಪ್ಪು ಬೆಲ್ಟ್ ಪಡೆದು 2000ರಲ್ಲಿ ವಿಶ್ವ ಚಾಂಪಿಯನ್ ಆದರು. ದಿನವಿಡೀ ಮ್ಯಾಟ್ ಮೇಲೇ ಇದ್ದ ಹುಡುಗ ಅವರು. ಕೆಲಸಕ್ಕೆ ಹೋಗಿ ಸಂಜೆ ಬರುವವರು ಅವರ ಜೊತೆ ತಮ್ಮನ್ನು ಹೋಲಿಸಿಕೊಳ್ಳಬಾರದು.

ಕಪ್ಪಿನ ಆಚೆಗೂ ದಾರಿ ಇದೆ. ಅಲ್ಲಿಂದ ಎಲ್ಲಕ್ಕಿಂತ ಮೇಲಿನ ಕೆಂಪು ಬೆಲ್ಟ್‌ಗೆ ಕನಿಷ್ಠ 48 ವರ್ಷ.

ಈ ಕಲೆ ಆರಿಸುವವರು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಎರಡು ವರ್ಷ ಬಣ್ಣ ಬದಲಾಗದಿದ್ದರೆ ನಾನು ಬರುತ್ತೇನಾ? ಆ ದಿನದ ಸೆಣಸಾಟವೇ ಸಂತೋಷ ಕೊಡುತ್ತದೆ ಅನ್ನುವವರಿಗೆ ಹತ್ತು ವರ್ಷ ಗೊತ್ತೇ ಆಗುವುದಿಲ್ಲ. ಬೆಲ್ಟ್‌ಗಾಗಿ ಬಂದವರು ನೀಲಿ ಸಿಕ್ಕ ಮೇಲೆ ಕಾಣೆಯಾಗುತ್ತಾರೆ. ಇದು ಎಲ್ಲ ಕ್ಲಾಸ್‌ಗಳೂ ಬಲ್ಲ ಮಾತು.

ಬೆಲ್ಟ್ ಇಲ್ಲದ ದಾರಿಗಳು

ಬಿದಿರಿನ ಕತ್ತಿ ಹಿಡಿದು ಆಡುವ ಜಪಾನಿ ಕಲೆ ಕೆಂಡೋದಲ್ಲಿ ದರ್ಜೆ ಇದೆ, ಬಣ್ಣದ ಬೆಲ್ಟ್ ಇಲ್ಲ. ಹೊರಗಿನಿಂದ ನೋಡಿದರೆ ಯಾರು ಯಾವ ಡಾನ್ ಎಂದು ತಿಳಿಯದು. ಜಪಾನಿನ ಕೆಂಡೋ ಸಂಸ್ಥೆಯ ಲೆಕ್ಕದಲ್ಲಿ ಏಳನೇ ಡಾನ್ ಆದ ಮೇಲೆ ಎಂಟನೆಯದರ ಪರೀಕ್ಷೆಗೆ ಕೂರಲು ಹತ್ತು ವರ್ಷ ಕಳೆದಿರಬೇಕು, ವಯಸ್ಸು 46 ತುಂಬಿರಬೇಕು. ಕೂತವರಲ್ಲಿ ಪಾಸಾಗುವವರು ನೂರಕ್ಕೆ ಒಬ್ಬರ ಆಸುಪಾಸು. ಬಾಕ್ಸಿಂಗ್, ಥಾಯ್ಲೆಂಡಿನ ಬಾಕ್ಸಿಂಗ್ ಆದ ಮುಯ್ ಥಾಯ್‌ನಲ್ಲಿ ಬೆಲ್ಟ್ ಲೆಕ್ಕವೇ ಇಲ್ಲ, ರಿಂಗ್ ಒಳಗೆ ಏನಾಯಿತು ಅನ್ನುವುದೇ ದರ್ಜೆ. ನಿಮಗೆ ಬೇಗ ಹೊಡೆಯಲು, ತಪ್ಪಿಸಿಕೊಳ್ಳಲು ಬಂದರೆ ಸಾಕು, ಗುರುತು ಬೇಡ ಅನ್ನುವುದಾದರೆ ಅಲ್ಲಿಗೇ ಹೋಗಿ. ಆರು ತಿಂಗಳಲ್ಲಿ ಮೈಯಲ್ಲಿ ಬದಲಾವಣೆ ಕಾಣುತ್ತದೆ.

ಮಕ್ಕಳಿಗೆ ಸೇರಿಸುವವರಿಗೆ

ಮಕ್ಕಳ ಲೆಕ್ಕ ಬೇರೆ. ಟೇಕ್ವಾಂಡೋದಲ್ಲಿ 15 ತುಂಬದವರಿಗೆ ಡಾನ್ ಬದಲು 'ಪೂಮ್' ಕೊಡುತ್ತಾರೆ. ಆ ಬೆಲ್ಟ್ ಅರ್ಧ ಕೆಂಪು, ಅರ್ಧ ಕಪ್ಪು. ವಯಸ್ಸು ಬಂದ ಮೇಲೆ ಅದನ್ನು ಡಾನ್‌ಗೆ ಬದಲಾಯಿಸಿಕೊಳ್ಳಬಹುದು. ಜಿಯು-ಜಿತ್ಸುವಿನಲ್ಲಿ 16 ತುಂಬುವ ತನಕ ನೀಲಿ ಸಿಗುವುದಿಲ್ಲ. ಅಲ್ಲಿಯವರೆಗೆ ಬೂದು, ಹಳದಿ, ಕಿತ್ತಳೆ, ಹಸಿರು ಅಂತ ಮಕ್ಕಳಿಗೇ ಬೇರೆ ಸಾಲಿದೆ. ಕಪ್ಪು ಬೆಲ್ಟ್‌ಗೆ 19 ವರ್ಷವಾದರೂ ಆಗಿರಬೇಕು.

ಚಿಕ್ಕ ಮಕ್ಕಳಿಗೆ ಬಣ್ಣ ಬೇಗ ಬೇಗ ಬದಲಾಗುವುದು ಒಳ್ಳೆಯದೇ. ಏಳು ವರ್ಷದ ಮಗುವಿಗೆ ಎರಡು ವರ್ಷ ಅಂದರೆ ಇಡೀ ಜೀವಮಾನ. ಆದರೆ ಎಂಟು ವರ್ಷದ ಮಗುವಿಗೆ ದೊಡ್ಡವರ ಕಪ್ಪು ಬೆಲ್ಟನ್ನೇ ಕಟ್ಟಿ ಕಳಿಸುವ ಕಡೆ ಸ್ವಲ್ಪ ತಡೆದು ಯೋಚಿಸಿ. ಆ ಮಗು ಹದಿನಾಲ್ಕಕ್ಕೆ ಬಂದಾಗ ಏರಲು ಏನು ಉಳಿದಿರುತ್ತದೆ?

ಬೇಗ ಸಿಗುವ ಬೆಲ್ಟ್, ಮಾರುವ ಬೆಲ್ಟ್

ಬೇಗ ಸಿಕ್ಕಿದ್ದೆಲ್ಲ ಮೋಸ ಅಲ್ಲ. ನಿಧಾನವಾಗಿ ಕೊಡುವವರೆಲ್ಲ ಒಳ್ಳೆಯವರೂ ಅಲ್ಲ. ಆದರೂ ನನಗೆ ಆದದ್ದನ್ನು ಹೇಳುತ್ತೇನೆ. ನಾನು ಮೊದಲು ಸೇರಿದ ಕರಾಟೆ ಕ್ಲಾಸ್‌ನಲ್ಲಿ ಮೂರು ತಿಂಗಳಿಗೊಮ್ಮೆ ಗ್ರೇಡಿಂಗ್ ಇರುತ್ತಿತ್ತು. ಫೀಸ್ ಕಟ್ಟಿದವರೆಲ್ಲ ಪಾಸು. ಫೇಲ್ ಆದವರನ್ನು ನಾನು ನೋಡಲೇ ಇಲ್ಲ. ನೀಲಿ ಬೆಲ್ಟ್ ಕಟ್ಟಿಕೊಂಡು ಬೇರೆ ಕ್ಲಾಸ್‌ಗೆ ಹೋದೆ. ಅಲ್ಲಿನ ಸೆನ್ಸೇ, ಅಂದರೆ ಗುರು, ಹತ್ತು ನಿಮಿಷ ನೋಡಿದರು, "ಬೆಲ್ಟ್ ಹಾಗೇ ಇರಲಿ, ಆದರೆ ಸ್ವಲ್ಪ ದಿನ ಹಳದಿಯವರ ಸಾಲಿನಲ್ಲಿ ನಿಲ್ಲು" ಎಂದರು. ಆ ದಿನ ತುಂಬ ನೊಂದುಕೊಂಡೆ. ಒಂದು ವರ್ಷ ಹಳದಿಯವರ ಜೊತೆಗೇ ನಿಂತೆ. ನನ್ನ ಕರಾಟೆ ನಿಜವಾಗಿ ಶುರುವಾಗಿದ್ದು ಆ ವರ್ಷ.

ಆದ್ದರಿಂದ ಸೇರುವ ಮುಂಚೆ ಕೇಳಿ. ಗ್ರೇಡಿಂಗ್‌ನಲ್ಲಿ ಯಾರಾದರೂ ಫೇಲ್ ಆಗುತ್ತಾರಾ? ಕಪ್ಪು ಬೆಲ್ಟ್‌ವರೆಗಿನ ಎಲ್ಲ ಪರೀಕ್ಷೆಗಳ ಫೀಸ್ ಒಟ್ಟು ಎಷ್ಟು? ಡಾನ್ ಸರ್ಟಿಫಿಕೇಟ್ ಯಾವ ಸಂಸ್ಥೆಯದು, ಬೇರೆ ಊರಿಗೆ ಹೋದರೆ ಅದನ್ನು ಒಪ್ಪುತ್ತಾರಾ? "ಇಷ್ಟು ತಿಂಗಳಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ" ಎಂದು ಮೊದಲೇ ದುಡ್ಡು ಕಟ್ಟಿಸಿಕೊಳ್ಳುವ ಕಡೆ ಹೋಗಲೇಬೇಡಿ. ಕಲಿಯುವವರನ್ನು ನೋಡುವ ಮುಂಚೆ ಯಾರೂ ಆ ಮಾತು ಕೊಡಲಾರರು.

ಹಾಗಾದರೆ ಯಾವುದು?

ಕಣ್ಣೆದುರು ಗುರಿ ಇದ್ದರೆ ನಡೆಯುತ್ತೀರಾ, ಕಾಲು ಚುರುಕಾಗಿದೆಯಾ? ಟೇಕ್ವಾಂಡೋ. ಒಂದೇ ಚಲನೆಯನ್ನು ನೂರು ಸಲ ತಿದ್ದುವುದರಲ್ಲಿ ಸುಖ ಇದೆಯಾ? ಕರಾಟೆ, ಅದರಲ್ಲೂ ಶೋಟೊಕಾನ್. ವಯಸ್ಸು ನಲವತ್ತು ದಾಟಿದೆ, ಸ್ಪರ್ಧೆ ಬೇಡ, ನಿಧಾನವಾಗಿ ಬಹಳ ಕಾಲ ಮಾಡಬೇಕು ಅನ್ನುವವರಿಗೆ ಐಕಿಡೋ. ಇನ್ನೊಬ್ಬರ ಬಲದ ಎದುರು ನನ್ನದು ನಿಲ್ಲುತ್ತದಾ ಎಂದು ದಿನಾ ತಿಳಿಯಬೇಕು ಅನ್ನುವವರಿಗೆ ಜೂಡೋ ಅಥವಾ ಜಿಯು-ಜಿತ್ಸು. ಬಿದ್ದರೆ ಮೂಳೆಗೆ ಭಯ ಅನ್ನುವವರು ಈ ಎರಡರಲ್ಲಿ ಜಿಯು-ಜಿತ್ಸು ನೋಡಿ, ಅಲ್ಲಿ ಹೆಚ್ಚಿನ ಕೆಲಸ ನೆಲದ ಮೇಲೆಯೇ. ಬೇಗ ಮೈ ಪಳಗಬೇಕು, ಜೊತೆಗೆ ಬೆಲ್ಟ್‌ನ ದಾರಿಯೂ ತೀರಾ ಉದ್ದ ಇರಬಾರದು ಅನ್ನುವವರಿಗೆ ನಾನು ಜೂಡೋ ಹೇಳುತ್ತೇನೆ. ನನ್ನ ಒಲವು ಅದರಲ್ಲಿ ಸೇರಿದೆ, ಅದನ್ನು ಮುಚ್ಚಿಡುವುದಿಲ್ಲ.

ಮನೆಗೆ ಹತ್ತಿರ ಒಂದೇ ಒಳ್ಳೆಯ ಕ್ಲಾಸ್ ಇದ್ದರೆ ಈ ಹೋಲಿಕೆಯನ್ನೆಲ್ಲ ಪಕ್ಕಕ್ಕಿಡಿ. ಹೋಗಿಬರಲು ಎರಡು ಗಂಟೆ ಹಿಡಿಯುವ ಕ್ಲಾಸ್‌ಗೆ ಎರಡನೇ ವರ್ಷ ಯಾರೂ ಹೋಗುವುದಿಲ್ಲ.

ನೋಡಲು ಹೋದ ದಿನ ಮಾಸ್ಟರ್ ಜೊತೆ ಮಾತಾಡಿದ್ದು ಸಾಕು ಎಂದು ಬರಬೇಡಿ. ಕ್ಲಾಸ್ ಮುಗಿದ ಮೇಲೆ ಕಂದು ಬೆಲ್ಟ್ ಕಟ್ಟಿದ ಒಬ್ಬರನ್ನು ಹುಡುಕಿ. ದಾರಿಯ ಉದ್ದ ಅವರಿಗೆ ಗೊತ್ತಿರುತ್ತದೆ, ಇನ್ನೂ ಮುಗಿಸಿರುವುದಿಲ್ಲ. ಎಷ್ಟು ವರ್ಷ ಆಯಿತು, ನಡುವೆ ಯಾವಾಗ ಬಿಡೋಣ ಅನ್ನಿಸಿತು, ಮತ್ತೆ ಯಾಕೆ ಬಂದಿರಿ ಎಂದು ಕೇಳಿ. ಅವರು ಬಗ್ಗಿ ಮ್ಯಾಟ್ ಒರೆಸುತ್ತಾ ಹೇಳುವ ಉತ್ತರವನ್ನು ಕೇಳಿಸಿಕೊಂಡು ಆಮೇಲೆ ಫಾರಂ ತುಂಬಿ.